ಡಿಶ್ ಬಾಕ್ಸಿನ ಕೇಬಲ್ ನೇರ ಟಿವಿಗೇ ಹೋಗಲಿ

ಹೊಗೆಸೊಪ್ಪಿನ ಹರಾಜು ಶುರುವಾದರೆ ಹುಣಸೂರು, ಪಿರಿಯಾಪಟ್ಟಣದ ಟಿವಿ ಅಂಗಡಿಗಳಿಗೂ ಕಳೆ ಬರುತ್ತದೆ. ಸಾಲ ತೀರಿಸಿ ಮಿಕ್ಕ ದುಡ್ಡಿನಲ್ಲಿ ದೊಡ್ಡ ಟಿವಿ, ಕೆಲವರ ಮನೆಗೆ ಅದರ ಜೊತೆ ಹೋಂ ಥಿಯೇಟರ್ ರಿಸೀವರೂ ಬರುತ್ತದೆ. ಜೋಡಿಸುವ ಹುಡುಗರು ಸಾಮಾನ್ಯವಾಗಿ ಡಿಶ್ ಬಾಕ್ಸಿನ ಎಚ್‌ಡಿಎಂಐ ಕೇಬಲನ್ನು ರಿಸೀವರಿಗೆ ಕೊಟ್ಟು, ಅಲ್ಲಿಂದ ಟಿವಿಗೆ ಒಯ್ಯುತ್ತಾರೆ. ಧ್ವನಿ ಮೂಲದಿಂದಲೇ ರಿಸೀವರ್ ಸೇರಬೇಕೆಂಬ ಅವರ ಲೆಕ್ಕ ತಾಂತ್ರಿಕವಾಗಿ ಸರಿ. ಆದರೂ ನಮ್ಮ ಕಡೆಯ ಹೆಚ್ಚಿನ ಮನೆಗಳಿಗೆ ಅದು ಒಗ್ಗುವುದಿಲ್ಲ ಎಂದು ವಿನಯದಿಂದಲೇ ಹೇಳುತ್ತೇನೆ.

ಮಗ ಸೊಸೆ ಗದ್ದೆಗೆ ಹೋದ ಮೇಲೆ ಮಧ್ಯಾಹ್ನದ ಧಾರಾವಾಹಿ ಹಾಕಿಕೊಳ್ಳುವುದು ಮನೆಯಲ್ಲಿರುವ ಅಜ್ಜಿ. ಎಷ್ಟೋ ರಿಸೀವರುಗಳು ಆಫ್ ಆಗಿದ್ದರೆ ಚಿತ್ರವನ್ನೂ ಮುಂದಕ್ಕೆ ಬಿಡುವುದಿಲ್ಲ. ಸೆಟ್ಟಿಂಗಿನಲ್ಲಿ ಅದಕ್ಕೆ ಬೇರೆ ಅನುಮತಿ ಕೊಡಬೇಕು. ಅಜ್ಜಿ ಟಿವಿ ಹಾಕುತ್ತಾರೆ, ಬಾಕ್ಸ್ ಹಾಕುತ್ತಾರೆ, ಪರದೆ ಕಪ್ಪಗೇ ಇರುತ್ತದೆ. ಮೂರನೆಯ ರಿಮೋಟ್ ಒತ್ತಿ ಇನ್‌ಪುಟ್ ಬದಲಿಸಬೇಕೆಂದು ಅವರಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ. ಅವರಿಗೆ ಟಿವಿಯ ಸ್ವಂತ ಸ್ಪೀಕರೇ ಧಾರಾಳ ಸಾಕು.

ಕರೆಂಟ್ ಹೋದಾಗಲೂ ಹಾಗೆಯೇ. ಯುಪಿಎಸ್ ಮೇಲೆ ಟಿವಿ ಮತ್ತು ಬಾಕ್ಸ್ ಓಡಲಿ. ವಾರ್ತೆ ಕೇಳಲು ರಿಸೀವರಿನ ಹೊರೆಯನ್ನೂ ಬ್ಯಾಟರಿಯ ಮೇಲೇಕೆ ಹೇರಬೇಕು? ಇನ್ನು ಮಳೆ. ಡಿಶ್ಶಿಗೆ ಬರುವ ಸಿಗ್ನಲ್ 10 ಗಿಗಾಹರ್ಟ್ಸ್‌ಗಿಂತ ಮೇಲಿನದು, ಜೋರು ಮಳೆ ಅದನ್ನು ಹೀರಿಬಿಡುತ್ತದೆ. ಎಚ್.ಡಿ. ಕೋಟೆ ಕಡೆ ಮುಂಗಾರು ಬಿರುಸಾದಾಗ ಚಿತ್ರ ನಿಂತರೆ, ತಪ್ಪು ಆಕಾಶದ್ದೋ ರಿಸೀವರಿನದ್ದೋ ತಿಳಿಯದೆ ಜನ ಚೆನ್ನಾಗಿದ್ದ ವೈರುಗಳನ್ನೇ ಕಿತ್ತು ಹಾಕುತ್ತಾರೆ. ನಡುವೆ ಒಂದು ಪೆಟ್ಟಿಗೆ ಕಡಿಮೆಯಾದರೆ ಹುಡುಕುವ ಜಾಗವೂ ಕಡಿಮೆ.

ಹಾಗಾದರೆ ರಿಸೀವರಿಗೆ ಧ್ವನಿ ಹೋಗುವುದು ಹೇಗೆ? ಟಿವಿಯ ಹಿಂದೆ 'ಎಆರ್‌ಸಿ' ಎಂದು ಬರೆದಿರುವ ಎಚ್‌ಡಿಎಂಐ ಕಿಂಡಿಯಿಂದ. 2009ರ ಎಚ್‌ಡಿಎಂಐ 1.4ರಲ್ಲಿ ಬಂದ ಈ ಅನುಕೂಲದಿಂದ ಒಂದೇ ಕೇಬಲಿನಲ್ಲಿ ಟಿವಿಯ ಧ್ವನಿ ರಿಸೀವರಿಗೆ ವಾಪಸ್ ಬರುತ್ತದೆ. ರಿಸೀವರಿನಲ್ಲೂ ಅದೇ ಹೆಸರಿನ ಕಿಂಡಿಗೆ ಚುಚ್ಚಬೇಕು, ಎರಡರಲ್ಲೂ ಸಿಇಸಿ ಎಂಬ ಸೆಟ್ಟಿಂಗ್ ಆನ್ ಮಾಡಬೇಕು. ಆಮೇಲೆ ಟಿವಿಯ ರಿಮೋಟಿನಲ್ಲೇ ರಿಸೀವರಿನ ವಾಲ್ಯೂಮ್ ಏರುತ್ತದೆ, ಇಳಿಯುತ್ತದೆ. ಎಆರ್‌ಸಿ ಇಲ್ಲದ ಹಳೆಯ ಟಿವಿಯಾದರೆ ಆಪ್ಟಿಕಲ್ ಕೇಬಲ್ ಇದೆ. ವಾಲ್ಯೂಮಿಗೆ ಮಾತ್ರ ರಿಸೀವರಿನ ರಿಮೋಟೇ ಬೇಕು.

ದೂರದರ್ಶನದ ಫ್ರೀ ಡಿಶ್ ಇಟ್ಟುಕೊಂಡ ಮನೆಗಳಲ್ಲಂತೂ ಈ ದಾರಿಯೇ ಸಲೀಸು. ಅನೇಕ ಹಳೆಯ ಬಾಕ್ಸುಗಳಲ್ಲಿರುವುದು ಹಳದಿ, ಕೆಂಪು, ಬಿಳಿ ಪಿನ್ನುಗಳು. ಹಳದಿ ಪಿನ್ನಿನ ಚಿತ್ರವನ್ನು ಎಚ್‌ಡಿಎಂಐಗೆ ಬದಲಿಸಿ ಕಳಿಸುವ ಶಕ್ತಿ ಎಲ್ಲ ರಿಸೀವರಿಗೂ ಇಲ್ಲ. ಮೂರನ್ನೂ ಟಿವಿಗೇ ಕೊಟ್ಟರೆ ಆ ತಕರಾರೇ ಹುಟ್ಟುವುದಿಲ್ಲ.

ಇದಕ್ಕೆ ಒಂದು ಗಟ್ಟಿ ಆಕ್ಷೇಪವಿದೆ, ಅದನ್ನು ನಾನು ಒಪ್ಪುತ್ತೇನೆ. ಕೆಲವು ಟಿವಿಗಳು ಹೊರಗಿನಿಂದ ಬಂದ 5.1 ಧ್ವನಿಯನ್ನು ಎರಡು ಚಾನಲ್ಲಿಗೆ ಇಳಿಸಿ ರಿಸೀವರಿಗೆ ಕೊಡುತ್ತವೆ. ಸಿನಿಮಾವನ್ನು ಮನಸಾರೆ ಕೇಳುವವರಿಗೆ ಅದು ನಿಜವಾದ ನಷ್ಟ. ಅಂಥವರು ಬ್ಲೂ-ರೇ ಪ್ಲೇಯರನ್ನೋ ಸಿನಿಮಾ ಸ್ಟ್ರೀಮ್ ಮಾಡುವ ಪೆಟ್ಟಿಗೆಯನ್ನೋ ರಿಸೀವರಿಗೇ ಜೋಡಿಸಿಕೊಳ್ಳಲಿ. ಡಿಶ್ಶಿನಲ್ಲಿ ಬರುವ ಹೆಚ್ಚಿನ ಕಾರ್ಯಕ್ರಮಗಳ ಧ್ವನಿ ಹೇಗೂ ಸ್ಟೀರಿಯೋ. ಅದನ್ನು ಐದೂ ಸ್ಪೀಕರಿಗೆ ಹಂಚಿ ಮಾತನ್ನು ಮಸುಕು ಮಾಡುವ ಬದಲು, ವಾರ್ತೆ ಧಾರಾವಾಹಿಗಳಿಗೆ ರಿಸೀವರನ್ನು ಸ್ಟೀರಿಯೋ ಮೋಡಿನಲ್ಲೇ ಇಡುವುದು ಒಳ್ಳೆಯದು.