ನೆರಳು ಬೇಕು ಸರಿ, ಮರೆ ಯಾಕೆ?

2012ರ ಮೇ ಮೊದಲ ವಾರ ಗಂಗಾವತಿಯ ನನ್ನ ಅಂಗಡಿಯ ಮುಂದೆ ಕಾರುಗಳು ಸಾಲುಗಟ್ಟಿ ನಿಂತಿದ್ದವು. ಸೀಟ್ ಕವರ್, ಹಾರ್ನ್, ಮ್ಯಾಟ್, ಕೂಲಿಂಗ್ ಪೇಪರ್ ಮಾರುವ ಸಣ್ಣ ಅಂಗಡಿ ಅದು. ಅಷ್ಟು ಗಿರಾಕಿಗಳನ್ನು ಒಮ್ಮೆಲೇ ಕಂಡದ್ದು ಅದೇ ಮೊದಲು, ಅದೇ ಕೊನೆ. ಸುಪ್ರೀಂ ಕೋರ್ಟಿನ ಆದೇಶ ಬಂದಿತ್ತು, ಎಲ್ಲರೂ ಬಂದದ್ದು ಗಾಜಿನ ಕರಿ ಹಾಳೆ ಕೀಳಿಸಲಿಕ್ಕೆ. ಹತ್ತು ವರ್ಷ ಕೈಯಾರೆ ಹಚ್ಚಿದ್ದನ್ನು ಮೂರು ದಿನ ಕೈಯಾರೆ ಕಿತ್ತೆ. ನಮ್ಮ ಬಿಸಿಲಿಗೆ ಒಣಗಿದ ಅಂಟು ಗಾಜನ್ನು ಬಿಡುವುದೇ ಇಲ್ಲ. ಸೋಪಿನ ನೀರು ಹೊಡೆದು, ಬ್ಲೇಡಿನಿಂದ ಕೆರೆದು, ಮತ್ತೆ ಒರೆಸಿ, ಮೂರನೆಯ ದಿನದ ಸಂಜೆಗೆ ಬೆರಳ ತುದಿಯ ಚರ್ಮ ಸುಲಿದಿತ್ತು.

ಆ ಮೂರು ದಿನ ಗಿರಾಕಿಗಳ ಬಾಯಲ್ಲಿ ಒಂದೇ ಮಾತು: ‘ಈ ಕೋರ್ಟಿನವ್ರಿಗೆ ನಮ್ಮ ಕಡೆ ಬಿಸ್ಲು ಗೊತ್ತೈತೇನ್ರಿ?’ ನಾನೂ ತಲೆ ಆಡಿಸಿದೆ. ವ್ಯಾಪಾರಸ್ಥ, ಆಡಿಸಲೇಬೇಕಲ್ಲ. ಆದರೆ ಮನಸ್ಸಿನಲ್ಲಿ ಒಂದು ಮುಳ್ಳು ಉಳಿದಿತ್ತು. ಹತ್ತು ವರ್ಷದಲ್ಲಿ ನನ್ನ ಹತ್ತಿರ ಹಾಳೆ ಹಚ್ಚಿಸಲು ಬಂದವರಲ್ಲಿ ‘ಸೆಕಿ ಕಡಿಮಿ ಆಗ್ತೈತೇನ್ರಿ’ ಎಂದು ಕೇಳಿದವರು ಎಷ್ಟು ಮಂದಿ? ಬಹಳ ಜನ ಕೇಳುತ್ತಿದ್ದದ್ದು ಬೇರೆ: ‘ಒಳಗ ಯಾರದಾರ ಅಂತ ಗೊತ್ತಾಗಬಾರ್ದು ನೋಡ್ರಿ, ಅಂಥಾದ್ದು ಹಾಕ್ರಿ.’

ನೆರಳು ಬೇರೆ, ಮರೆ ಬೇರೆ. ನೆರಳಿನ ಹೆಸರು ಹೇಳಿ ಮರೆಯನ್ನು ಮಾರಿದವನು ನಾನು. ಅದಕ್ಕೇ ಈ ಮಾತು ಹೇಳುವ ಹಕ್ಕು ನನಗೆ ಸ್ವಲ್ಪ ಜಾಸ್ತಿಯೇ ಇದೆ ಎಂದುಕೊಂಡಿದ್ದೇನೆ.

ಬಿಸಿಲಿನ ಮಾತು ಸುಳ್ಳಲ್ಲ. ಏಪ್ರಿಲ್, ಮೇ ಬಂತೆಂದರೆ ಕೊಪ್ಪಳ ಜಿಲ್ಲೆಯಲ್ಲಿ ಪಾದರಸ 40 ಡಿಗ್ರಿ ದಾಟುತ್ತದೆ. ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ವೇಳೆಯನ್ನು ಎಷ್ಟೋ ಬೇಸಿಗೆಗಳಲ್ಲಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸಿದ್ದು ಸುಮ್ಮನೆ ಅಲ್ಲ. ಗಂಗಾವತಿ ಕಡೆ ಎಡದಂಡೆ ಕಾಲುವೆ, ಭತ್ತದ ಗದ್ದೆ ಅಂತ ಕಣ್ಣಿಗಾದರೂ ತಂಪಿದೆ. ಕುಷ್ಟಗಿ, ಯಲಬುರ್ಗಾದ ಎರೆಹೊಲದ ನಡುವೆ ಮಧ್ಯಾಹ್ನ ಎರಡು ಗಂಟೆಗೆ ಕಾರು ನಿಲ್ಲಿಸಿ ಬಂದು ಸ್ಟೇರಿಂಗ್ ಮುಟ್ಟಿದವರಿಗೆ ಕಾದ ಹಂಚಿನ ನೆನಪಾಗುತ್ತದೆ. ಆದ್ದರಿಂದ ನೆರಳು ಕೇಳುವವರನ್ನು ನಾನು ಬಯ್ಯುವುದಿಲ್ಲ. ಕರಿ ಹಾಳೆ ಆ ನೆರಳನ್ನು ಎಷ್ಟು ಕೊಡುತ್ತದೆ ಎಂಬುದನ್ನಷ್ಟೇ ಕೇಳುತ್ತೇನೆ.

ಬಿಸಿಲಿನ ಶಕ್ತಿಯಲ್ಲಿ ಸುಮಾರು ಅರ್ಧ ಪಾಲು ಕಣ್ಣಿಗೆ ಕಾಣದ ಅವಗೆಂಪು ಕಿರಣಗಳದ್ದು. ಕಾಣುವ ಬೆಳಕಿನ ಪಾಲು ಅರ್ಧಕ್ಕಿಂತ ತುಸು ಕಡಿಮೆ. ಉಳಿದ ಚೂರು ಅತಿನೇರಳೆ ಕಿರಣ. ನಾನು ಹಚ್ಚುತ್ತಿದ್ದ ಅಗ್ಗದ ಕರಿ ಹಾಳೆ ಬಣ್ಣದಲ್ಲಿ ಅದ್ದಿ ತೆಗೆದ ಪ್ಲಾಸ್ಟಿಕ್. ಅದು ಮುಖ್ಯವಾಗಿ ಕಾಣುವ ಬೆಳಕನ್ನು ನುಂಗುತ್ತದೆ, ನುಂಗಿ ತಾನೇ ಕಾಯುತ್ತದೆ, ಕಾದದ್ದರಲ್ಲಿ ಒಂದಿಷ್ಟನ್ನು ಒಳಗೇ ಬಿಡುತ್ತದೆ. ಮೇ ತಿಂಗಳ ನಡುಮಧ್ಯಾಹ್ನ ಅಂಥ ಗಾಜನ್ನು ಒಳಗಿನಿಂದ ಮುಟ್ಟಿ ನೋಡಿ, ಕೈ ತಾನಾಗಿ ಹಿಂದೆ ಬರುತ್ತದೆ. ಎರಡು ಬೇಸಿಗೆ ಕಳೆದರೆ ಆ ಕರಿ ಬಣ್ಣ ನೇರಳೆಗೆ ತಿರುಗಿ, ಗುಳ್ಳೆ ಎದ್ದು, ಕಾರಿಗೆ ಚರ್ಮರೋಗ ಬಂದಂತೆ ಕಾಣುತ್ತದೆ. ಆದರೆ ಕಾಣುವ ಬೆಳಕನ್ನು ಬಹುಪಾಲು ಒಳಗೆ ಬಿಟ್ಟು ಅವಗೆಂಪನ್ನು ತಡೆಯುವ ಸೆರಾಮಿಕ್ ಹಾಳೆಗಳೂ ಈಗ ಬಂದಿವೆ. ಹೊರಗಿನಿಂದ ನೋಡಿದರೆ ಹಚ್ಚಿದ್ದೇ ಗೊತ್ತಾಗುವುದಿಲ್ಲ. ಬೆಲೆ ಕರಿ ಹಾಳೆಯ ಹಲವು ಪಟ್ಟು. ಅವನ್ನು ತೋರಿಸಿದರೆ ಗಿರಾಕಿ ಹೇಳುವುದೇನು ಗೊತ್ತೆ? ‘ಇಷ್ಟ ರೊಕ್ಕ ಕೊಟ್ಟು ಹಚ್ಚಿದ್ದ ಕಾಣಸ್ದ ಹೋದ್ರ ಏನ್ ಬಂತ್ರಿ?’

ಈಗ ಕಾನೂನು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 100ನೆಯದರ ವಿಷಯ ಇದೇ. ಮುಂದಿನ ಮತ್ತು ಹಿಂದಿನ ಗಾಜು ನೂರಕ್ಕೆ ಕನಿಷ್ಠ 70 ಪಾಲು, ಪಕ್ಕದ ಗಾಜು ಕನಿಷ್ಠ 50 ಪಾಲು ಬೆಳಕನ್ನು ಒಳಗೆ ಬಿಡಬೇಕು. ಈ ನಿಯಮ ಇದೆ ಎಂಬುದೇ ನನಗೆ 2012ರವರೆಗೆ ಗೊತ್ತಿರಲಿಲ್ಲ, ಗೊತ್ತಿರಬೇಕಿತ್ತು. ಅವಿಷೇಕ್ ಗೋಯೆಂಕಾ ಎಂಬುವರು ಹಾಕಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಮೇಲೆ ಆ ವರ್ಷದ ಏಪ್ರಿಲ್ 27ರಂದು ಸುಪ್ರೀಂ ಕೋರ್ಟಿನ ತೀರ್ಪು ಬಂತು. ಮುಖ್ಯ ನ್ಯಾಯಮೂರ್ತಿ ಎಸ್.ಎಚ್. ಕಪಾಡಿಯಾ ಅವರಿದ್ದ ಪೀಠ, ಕಾರ್ಖಾನೆಯಿಂದ ಬಂದ ಗಾಜಿನ ಮೇಲೆ ಎಷ್ಟೇ ಬೆಳಕು ಬಿಡುವ ಹಾಳೆಯನ್ನೂ ಹಚ್ಚಕೂಡದು ಎಂದು ಹೇಳಿ ಮೇ 4ರಿಂದ ಜಾರಿಗೆ ತಂದಿತು. ಝಡ್ ಮತ್ತು ಝಡ್ ಪ್ಲಸ್ ಭದ್ರತೆಯವರಿಗಷ್ಟೇ ವಿನಾಯಿತಿ. ಹಾಳೆ ತಯಾರಕರು ಮತ್ತೆ ಹೋದಾಗ ಅದೇ ಆಗಸ್ಟ್‌ನಲ್ಲಿ ಕೋರ್ಟ್ ಇನ್ನೂ ಬಿಗಿಯಾಗಿ ಹೇಳಿತು: ಪೊಲೀಸರು ದಂಡದ ಚೀಟಿ ಕೊಟ್ಟು ಕೈ ತೊಳೆದುಕೊಳ್ಳುವಂತಿಲ್ಲ, ಹಾಳೆಯನ್ನು ಅಲ್ಲೇ ತೆಗೆಸಬೇಕು.

ಕರಿ ಗಾಜಿನ ಹಿಂದೆ ಅಪರಾಧ ನಡೆದರೆ ರಸ್ತೆಯಲ್ಲಿದ್ದವರಿಗೆ ಕಾಣುವುದಿಲ್ಲ ಎಂಬುದು ಆ ಅರ್ಜಿಯ ಮುಖ್ಯ ವಾದ. ಇದು ನಗರದವರ ಅತಿರೇಕ ಎಂದು ಗೊಣಗಿದವರಿದ್ದರು. ಅದೇ ವರ್ಷ ಡಿಸೆಂಬರ್ 16ರ ರಾತ್ರಿ ದೆಹಲಿಯಲ್ಲಿ ಯುವತಿಯೊಬ್ಬಳ ಮೇಲೆ ಸಾಮೂಹಿಕ ಅತ್ಯಾಚಾರ ನಡೆದ ಆ ಬಸ್ಸಿಗೆ ಕಪ್ಪು ಗಾಜು ಇತ್ತು, ಪರದೆಯೂ ಇತ್ತು. ಆಮೇಲೆ ನಾನು ಗೊಣಗುವುದನ್ನು ಬಿಟ್ಟೆ.

ಹೆಣ್ಣುಮಕ್ಕಳ ಮಾತು ಬಂದರೆ ನಮ್ಮಲ್ಲಿ ವಾದ ತಿರುಗಾಮುರುಗಾ ಆಗುತ್ತದೆ. ‘ಮನ್ಯಾನ ಹೆಣ್ಮಕ್ಳು ಕುಂದ್ರತಾರ್ರಿ, ಅದಕ್ಕ ಕರೇದು ಬೇಕು’ ಎನ್ನುತ್ತಾರೆ. ಒಮ್ಮೆ ಯಲಬುರ್ಗಾ ಕಡೆಯ ಶಿಕ್ಷಕಿಯೊಬ್ಬರು ಸೀಟ್ ಕವರ್ ಹಾಕಿಸಲು ಗಂಡನ ಜೊತೆ ಬಂದಿದ್ದರು. ಗಂಡ ಇದೇ ಮಾತು ಹೇಳಿದರು. ದಿನಾ ಕ್ರೂಸರ್ ಹತ್ತಿ ಶಾಲೆಗೆ ಹೋಗುತ್ತಿದ್ದ ಆಕೆ ಸಮಾಧಾನವಾಗಿಯೇ ಅಂದರು: ‘ಹೊರಗಿದ್ದವ್ರು ನನ್ನ ನೋಡಬಾರ್ದು ಅಂತ ಕರೇದು ಹಚ್ಚೋದು ಸರಿ. ಒಳಗಿದ್ದವನ ಕೆಟ್ಟಾಂವ ಇದ್ರ, ನಾನು ಯಾರಿಗೆ ಕಾಣಸ್ಬೇಕ್ರಿ?’ ನನಗಾಗಲಿ ಅವರ ಯಜಮಾನರಿಗಾಗಲಿ ಉತ್ತರ ಇರಲಿಲ್ಲ. ಸೀಟ್ ಕವರ್ ಅಷ್ಟೇ ಹಾಕಿಸಿಕೊಂಡು ಹೋದರು.

ನನ್ನದೇ ಒಂದು ತಪ್ಪನ್ನೂ ಹೇಳಿಬಿಡುತ್ತೇನೆ. ತೀರ್ಪು ಬರುವುದಕ್ಕೆ ಮೊದಲು, ಒಂದು ಜನವರಿಯಲ್ಲಿ ಮನೆಯವರನ್ನೆಲ್ಲ ಕರೆದುಕೊಂಡು ಕೊಪ್ಪಳದ ಗವಿಮಠದ ಜಾತ್ರೆಗೆ ಹೋಗಿದ್ದೆ. ಅಂಗಡಿಯವನ ಗಾಡಿ ಅಂದಮೇಲೆ ಕೇಳಬೇಕೆ, ನಾಲ್ಕೂ ಕಡೆ ಕಡು ಕರಿ. ತೇರು ಎಳೆದಾದ ಮೇಲೆ ಕತ್ತಲಾಯಿತು. ಗಾಡಿಯನ್ನು ಹಿಂದಕ್ಕೆ ತೆಗೆಯುತ್ತಿದ್ದೆ. ಕನ್ನಡಿಯಲ್ಲೂ ಕತ್ತಲು, ಗಾಜಿನಲ್ಲೂ ಕತ್ತಲು. ಯಾರೋ ಹಿಂದಿನ ಬಾಗಿಲಿಗೆ ಧಡಧಡ ಬಡಿದರು. ಇಳಿದು ನೋಡಿದರೆ, ಬುತ್ತಿಗಂಟು ಮಡಿಲಲ್ಲಿಟ್ಟುಕೊಂಡು ನೆಲದ ಮೇಲೆ ಕೂತಿದ್ದ ಒಬ್ಬ ಅಜ್ಜಿ. ಗಾಲಿಗೂ ಆಕೆಯ ಕಾಲಿಗೂ ನಡುವೆ ಒಂದು ಗೇಣು ಜಾಗ. ಸುತ್ತಲಿನವರು ನನ್ನನ್ನು ಹೊಡೆಯದೇ ಬಿಟ್ಟದ್ದು ಅಜ್ಜ ಗವಿಸಿದ್ಧನ ಪುಣ್ಯ. ಗಂಗಾವತಿ ಮುಟ್ಟುವವರೆಗೆ ಹೆಂಡತಿ ಮಾತಾಡಲಿಲ್ಲ. ಮರುದಿನ ನನ್ನ ಗಾಡಿಯ ಹಾಳೆ ಕಿತ್ತೆ. ಆದರೆ ಬೇರೆಯವರ ಗಾಡಿಗೆ ಹಚ್ಚುವುದನ್ನು ನಿಲ್ಲಿಸಲಿಲ್ಲ. ಅದು ನನ್ನ ಎರಡನೆಯ ತಪ್ಪು, ಮೊದಲನೆಯದಕ್ಕಿಂತ ದೊಡ್ಡದು.

2012ರ ಬಿಗಿ ಹೆಚ್ಚು ಕಾಲ ಉಳಿಯಲಿಲ್ಲ. ಈಗ ಗಂಗಾವತಿಯಿಂದ ಕುಷ್ಟಗಿಯ ಹೆದ್ದಾರಿಯವರೆಗೆ ಒಂದು ಸುತ್ತು ಹೊಡೆದು ಬನ್ನಿ. ಕರಿ ಗಾಜಿನ ಗಾಡಿಗಳಲ್ಲಿ ಬಹಳಷ್ಟಕ್ಕೆ ಮುಂದೆ ಒಂದು ಫಲಕವೋ, ಧ್ವಜವೋ, ಹಿಂದಿನ ಗಾಜಿನ ತುಂಬ ಯಾರದೋ ಹೆಸರೋ ಇರುತ್ತದೆ: ಅಧ್ಯಕ್ಷರು, ಮಾಜಿ ಅಧ್ಯಕ್ಷರು, ಭಾವಿ ಅಧ್ಯಕ್ಷರು. ಬೇಸಿಗೆ ಅವರೊಬ್ಬರಿಗೇ ಬಂದಿದೆಯೇ? ಟಂಟಂನವನಿಗೆ ಬಾಗಿಲೇ ಇಲ್ಲ. ದಾಳಿಂಬೆ ತೋಟದಲ್ಲಿ ಕಾಯಿ ಹರಿಯುವ ಹೆಣ್ಣುಮಗಳ ತಲೆಯ ಮೇಲಿರುವುದು ಸೆರಗು. ಗಿಣಿಗೇರಿಯ ಕಾರ್ಖಾನೆಗಳಿಗೆ ಬೈಕಿನಲ್ಲಿ ಹೋಗುವ ಹುಡುಗರಿಗೆ ಹೆಲ್ಮೆಟ್ಟಿನೊಳಗೆ ಬೆವರು. ಕರಿ ಗಾಡಿಯನ್ನು ತಡೆಯಬೇಕಾದ ಪೇದೆ ಕೂಡ ಬಿಸಿಲಲ್ಲೇ ನಿಂತಿರುತ್ತಾನೆ. ಒಳಗೆ ಯಾರಿದ್ದಾರೋ ಕಾಣದು. ಕೈ ಅಡ್ಡ ಹಾಕಿದರೆ ನಾಳೆ ವರ್ಗಾವಣೆ ಬರುತ್ತದೋ ಏನೋ ಎಂಬ ಅಳುಕು. ನಮ್ಮ ಕಡೆ ಕರಿ ಗಾಜು ಮಾಡುವ ಮುಖ್ಯ ಕೆಲಸ ಇದೇ, ಆ ಅಳುಕನ್ನು ಹುಟ್ಟಿಸುವುದು.

ಇತ್ತೀಚೆಗೆ ಹೊಸ ತೊಡಕೊಂದು ಸೇರಿದೆ. 100ನೇ ನಿಯಮಕ್ಕೆ ತಿದ್ದುಪಡಿಯಾಗಿ 2021ರ ಏಪ್ರಿಲ್ 1ರಿಂದ ಸುರಕ್ಷಾ ಗಾಜಿನ ಜೊತೆಗೆ ‘ಸೇಫ್ಟಿ ಗ್ಲೇಜಿಂಗ್’ ಎಂಬ ಮಾತೂ ಬಂತು. ಒಳಮೈಗೆ ಪ್ಲಾಸ್ಟಿಕ್ ಪದರ ಕೂಡಿಸಿದ ಗಾಜೂ ಅದರಲ್ಲಿ ಸೇರುತ್ತದೆ. ಇದನ್ನು ಆಧರಿಸಿ 2024ರ ಸೆಪ್ಟೆಂಬರಿನಲ್ಲಿ ಕೇರಳ ಹೈಕೋರ್ಟಿನ ನ್ಯಾಯಮೂರ್ತಿ ಎನ್. ನಗರೇಶ್ ಅವರು, 70 ಮತ್ತು 50ರ ಮಿತಿಯೊಳಗಿನ ಹಾಳೆಗೆ ದಂಡ ಹಾಕುವಂತಿಲ್ಲ ಎಂದರು. ಆ ಸುದ್ದಿ ಮೊಬೈಲಿಗೆ ಬಂದದ್ದೇ ತಡ, ‘ಕೋರ್ಟ್ ಬಿಟ್ಟೈತಂತಲ್ರಿ, ಹಚ್ರಿ’ ಎಂದು ಫೋನ್ ಶುರುವಾದವು. ಮಿತಿಯೊಳಗೆ ಎಂಬ ಮಾತನ್ನು ಯಾರೂ ಓದಿಲ್ಲ. ಅದು ಕೇರಳದ ತೀರ್ಪು, ನಮ್ಮ ಪೊಲೀಸರ ಕೈಯಲ್ಲಿ ಇನ್ನೂ 2012ರ ಆದೇಶವೇ ಇದೆ ಎಂಬುದನ್ನೂ ಯೋಚಿಸಿಲ್ಲ.

ಆ ಮಿತಿಯ ಲೆಕ್ಕವನ್ನು ಅಂಗಡಿಯವರು ನಿಮಗೆ ಹೇಳುವುದಿಲ್ಲ, ನಾನು ಹೇಳುತ್ತೇನೆ. ಕಾರ್ಖಾನೆಯಿಂದ ಬಂದ ಗಾಜೇ ಬೆಳಕನ್ನು ಪೂರ್ತಿ ಬಿಡುವುದಿಲ್ಲ. ನಿಮ್ಮ ಕಾರಿನ ಪಕ್ಕದ ಗಾಜು 75 ಪಾಲು ಬಿಡುತ್ತದೆ ಎಂದುಕೊಳ್ಳಿ. ಅದಕ್ಕೆ ‘50 ಪರ್ಸೆಂಟ್, ಲೀಗಲ್ ಸರ್’ ಎಂದು ಮಾರುವ ಹಾಳೆ ಹಚ್ಚಿದರೆ ಒಳಗೆ ಬರುವುದು 75ರಲ್ಲಿ ಅರ್ಧ, ಅಂದರೆ 37 ಪಾಲು ಚಿಲ್ಲರೆ. ನಿಯಮ ಅಲ್ಲೇ ಮುರಿಯಿತು. 70ರ ಹಾಳೆ ಹಚ್ಚಿದರೆ 52 ಚಿಲ್ಲರೆ ಸಿಗುತ್ತದೆ, ಕೂದಲೆಳೆಯಲ್ಲಿ ಪಾರು. ಮುಂದಿನ ಗಾಜಿನ ಮಿತಿ 70. ಅದೂ 75ರದ್ದೇ ಆಗಿದ್ದರೆ 90ರ ಹಾಳೆ ಹಚ್ಚಿದರೂ 67ಕ್ಕೆ ಇಳಿಯುತ್ತದೆ. ಕೇರಳದ ತೀರ್ಪನ್ನು ಅಕ್ಷರಶಃ ಪಾಲಿಸಿದರೂ ನೋಡುವವರಿಗೆ ‘ಕರಿ’ ಎನಿಸುವ ಯಾವ ಗಾಜಿಗೂ ಅದರಲ್ಲಿ ಜಾಗವಿಲ್ಲ. ಜಾಗವಿರುವುದು ಆ ದುಬಾರಿ, ಕಾಣದ ಹಾಳೆಗೆ ಮಾತ್ರ. ನೆರಳು ಕೇಳುವವನಿಗೆ ಅದು ಸಾಕು. ಮರೆ ಕೇಳುವವನಿಗೆ ಸಾಲದು.

ಹಾಗಾಗಿ ನನ್ನ ಬೇಡಿಕೆಗಳು ಸಣ್ಣವು. ತಿದ್ದಿದ ನಿಯಮವನ್ನೂ ಸುಪ್ರೀಂ ಕೋರ್ಟಿನ ಆದೇಶವನ್ನೂ ಎದುರಿಗಿಟ್ಟುಕೊಂಡು, ಯಾವುದು ನಡೆಯುತ್ತದೆ, ಯಾವುದು ನಡೆಯುವುದಿಲ್ಲ ಎಂದು ರಾಜ್ಯ ಸಾರಿಗೆ ಇಲಾಖೆ ತಿಳಿಗನ್ನಡದಲ್ಲಿ ಒಂದು ಸುತ್ತೋಲೆ ಹೊರಡಿಸಲಿ. ಬೆಳಕು ಅಳೆಯುವ ಮೀಟರ್ ಅಂಗೈ ಅಗಲದ ಸಾಮಾನು. ಕೊಪ್ಪಳದ ಆರ್‌ಟಿಒ ಕಚೇರಿಗೂ ಜಿಲ್ಲೆಯ ಪ್ರತಿ ಪಟ್ಟಣದ ಪೊಲೀಸರಿಗೂ ಒಂದೊಂದನ್ನು ಕೊಡಲಿ. ಕಣ್ಣಳತೆಯಲ್ಲಿ ದಂಡ ಹಾಕಿದರೆ ಸಾಮಾನ್ಯನಿಗೆ ಅನ್ಯಾಯ, ಕಣ್ಣು ಮುಚ್ಚಿದರೆ ದೊಡ್ಡವರಿಗೆ ಲಾಭ. ಮೀಟರಿಗೆ ಇಬ್ಬರೂ ಒಂದೇ. ಹಾಳೆ ಮಾರುವ ಅಂಗಡಿಯವರು ಹಚ್ಚಿದ ಮೇಲೆ ಗಾಜು ಎಷ್ಟು ಬೆಳಕು ಬಿಡುತ್ತದೆ ಎಂಬುದನ್ನು ಅಳೆದು ಬಿಲ್ಲಿನ ಮೇಲೆ ಬರೆದುಕೊಡುವುದು ಕಡ್ಡಾಯವಾಗಲಿ. ಇದನ್ನು ಹೇಳುತ್ತಿರುವವನು ಅಂಗಡಿಯವನೇ.

ದಂಡದ ಮಾತೂ ಇದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 177ನೇ ಕಲಂ ಪ್ರಕಾರ ಮೊದಲ ಸಲ 500 ರೂಪಾಯಿ, ಮತ್ತೆ ಸಿಕ್ಕರೆ 1,500. ಭಾವಿ ಅಧ್ಯಕ್ಷರಿಗೆ ಅದು ಒಂದು ಹೊತ್ತಿನ ಚಹಾ ಖರ್ಚು. ಅವರಿಗೆ ತಟ್ಟುವುದು ನಡುರಸ್ತೆಯಲ್ಲಿ, ನಾಲ್ಕು ಜನರ ಎದುರು ಹಾಳೆ ಕೀಳಿಸಿದಾಗ ಮಾತ್ರ. ಕೋರ್ಟ್ ಹೇಳಿದ್ದೂ ಅದನ್ನೇ. ಕೀಳುವ ಕೆಲಸ ಮೊದಲು ಸರ್ಕಾರಿ ಕೆಲಸಕ್ಕೆ ಬಾಡಿಗೆ ಹಿಡಿದ ಗಾಡಿಗಳಿಂದಲೇ ಶುರುವಾಗಲಿ, ಆಮೇಲೆ ಫಲಕದ ಗಾಡಿಗಳು, ಆಮೇಲೆ ನಾವು.

ಓದುವವರಿಗೆ ಒಂದು ಮಾತು. ಮೀಟರ್ ಬರುವವರೆಗೆ ಮನೆಯಲ್ಲೇ ಒಂದು ಪರೀಕ್ಷೆ ಮಾಡಿಕೊಳ್ಳಿ. ದೀಪ ಹಚ್ಚುವ ಹೊತ್ತಿಗೆ ನಿಮ್ಮ ಮಗಳನ್ನು ಕಾರಿನ ಹಿಂದಿನ ಸೀಟಿನಲ್ಲಿ ಕೂಡಿಸಿ, ಗಾಜು ಏರಿಸಿ, ಹತ್ತು ಹೆಜ್ಜೆ ದೂರ ಬಂದು ನಿಂತು ನೋಡಿ. ಆಕೆ ಕೈ ಬೀಸಿದ್ದು ನಿಮಗೆ ಕಾಣದಿದ್ದರೆ, ಆ ಹಾಳೆಯನ್ನು ಅದೇ ರಾತ್ರಿ ಕಿತ್ತುಹಾಕಿ.