ರಕ್ತಚಂದನ ಮತ್ತು ಹೊನ್ನೆ: ಅಪಾಯದಲ್ಲಿರುವುದು ಒಂದು ಮಾತ್ರವೇ?

ರಕ್ತಚಂದನವೆಂದರೆ ಕೆಂಪು ಬಣ್ಣದ ಶ್ರೀಗಂಧ ಎಂದು ಹಲವರು ನಂಬಿದ್ದಾರೆ. ಇದು ನಿಜವೇ? ಅಲ್ಲ. ಶ್ರೀಗಂಧ ಬೇರೆ ಗಿಡಗಳ ಬೇರಿನಿಂದ ಆಹಾರ ಹೀರುವ ಅರೆಪರಾವಲಂಬಿ. ರಕ್ತಚಂದನ ತೊಗರಿ, ಹುಣಸೆಗಳ ಕುಟುಂಬದ್ದು. ಅದಕ್ಕೆ ಶ್ರೀಗಂಧದ ಪರಿಮಳವೂ ಇಲ್ಲ. ಅದರ ನಿಜವಾದ ಹತ್ತಿರದ ಸಂಬಂಧಿ ನಮ್ಮ ಹೊನ್ನೆ ಮರ.

ಗುರುತಿಸುವುದು ಹೇಗೆ?

ಎರಡಕ್ಕೂ ಹಳದಿ ಹೂವು, ಸುತ್ತಲೂ ರೆಕ್ಕೆಯಂಥ ಅಂಚಿರುವ ದುಂಡು ಕಾಯಿ. ರಕ್ತಚಂದನದ ಎಲೆಯಲ್ಲಿ ಸಾಮಾನ್ಯವಾಗಿ 3 ಕಿರುಎಲೆಗಳು, ಹೊನ್ನೆಯಲ್ಲಿ 5ರಿಂದ 7. ಹೊನ್ನೆಯ ತೊಗಟೆಗೆ ಏಟು ಬಿದ್ದರೆ ಕೆಂಪು ಅಂಟು ಒಸರುತ್ತದೆ.

ಯಾವುದರ ಸ್ಥಿತಿ ಹೇಗಿದೆ?

ರಕ್ತಚಂದನ ಕಾಡಿನಲ್ಲಿ ಸಹಜವಾಗಿ ಬೆಳೆಯುವುದು ಮುಖ್ಯವಾಗಿ ಆಂಧ್ರದ ಶೇಷಾಚಲಂ ಸುತ್ತಲಿನ ಪೂರ್ವಘಟ್ಟಗಳಲ್ಲಿ ಮಾತ್ರ. ಕಳ್ಳಸಾಗಣೆಯೇ ಅದರ ದೊಡ್ಡ ಶತ್ರು. 1995ರಿಂದ ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಸೈಟಿಸ್ ಒಪ್ಪಂದದ ನಿಯಂತ್ರಣವಿದೆ. ಐಯುಸಿಎನ್ ಕೆಂಪು ಪಟ್ಟಿಯಲ್ಲಿ ಅದು 'ಅಳಿವಿನಂಚಿನಲ್ಲಿದೆ'.

ಹೊನ್ನೆ ಪಶ್ಚಿಮಘಟ್ಟ, ಮಧ್ಯ ಭಾರತ, ಶ್ರೀಲಂಕಾವರೆಗೂ ಹರಡಿದೆ. ಪಟ್ಟಿಯಲ್ಲಿ ಅದರ ಸ್ಥಾನ 'ಅಪಾಯಕ್ಕೆ ಸಮೀಪ'. ಹಾಗಾದರೆ ಚಿಂತೆ ಇಲ್ಲವೇ? ಇದೆ. 2018ರಲ್ಲಿ ರಕ್ತಚಂದನವನ್ನೂ ಇದೇ ಮೆಟ್ಟಿಲಲ್ಲಿ ಇಡಲಾಗಿತ್ತು. ಕೆಲವೇ ವರ್ಷಗಳಲ್ಲಿ ಅದು ಮತ್ತೆ ಅಳಿವಿನಂಚಿನ ಪಟ್ಟಿಗೆ ಸೇರಿತು.

ಹೊನ್ನೆ ಲೋಟದ ಕಥೆ

ಹೊನ್ನೆ ಲೋಟದಲ್ಲಿ ರಾತ್ರಿಯಿಡೀ ಇಟ್ಟ ನೀರು ಕುಡಿದರೆ ಸಕ್ಕರೆ ಕಾಯಿಲೆ ವಾಸಿಯಾಗುತ್ತದೆ ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಆಯುರ್ವೇದದಲ್ಲಿ ಹೊನ್ನೆಗೆ ಹಳೆಯ ಸ್ಥಾನವಿದೆ, ಅದರ ಸಾರದ ಮೇಲೆ ಸಂಶೋಧನೆಗಳೂ ನಡೆದಿವೆ. ಆದರೆ ಅಳತೆ ಮಾಡಿ ಕೊಡುವ ಸಾರ ಬೇರೆ, ಲೋಟದ ನೀರು ಬೇರೆ. ನೀರಿನ ಬಣ್ಣ ಬದಲಾದ ಮಾತ್ರಕ್ಕೆ ಕಾಯಿಲೆ ವಾಸಿಯಾಗದು. ಇದನ್ನು ನಂಬಿ ಮಾತ್ರೆ, ಇನ್ಸುಲಿನ್ ನಿಲ್ಲಿಸಿದರೆ ಜೀವಕ್ಕೇ ಕುತ್ತು.

ಮರಕ್ಕೂ ಕುತ್ತು. ಲೋಟ ಮಾಡುವುದು ಮರದ ಚೇಗಿನಿಂದ. ಚೇಗು ಬಲಿಯಲು ಹಲವಾರು ವರ್ಷ ಬೇಕು. ಅಂದರೆ ಕಡಿಯುವುದು ಬೀಜ ಕೊಡುವ ದೊಡ್ಡ ಮರಗಳನ್ನೇ. ಅವು ಹೋದರೆ ಕಾಡಿನಲ್ಲಿ ಹೊಸ ಸಸಿ ಎಲ್ಲಿಂದ ಬರಬೇಕು?

ರಕ್ತಚಂದನದ ಕಳ್ಳಸಾಗಣೆ ಸುದ್ದಿಯಾಗುತ್ತದೆ. ಹೊನ್ನೆ ಸದ್ದಿಲ್ಲದೆ ಕರಗುತ್ತದೆ. ಮುಂದಿನ ಸಲ ಲೋಟದ ಮೆಸೇಜ್ ಬಂದರೆ ಫಾರ್ವರ್ಡ್ ಮಾಡುವ ಮೊದಲು ಈ ಎರಡೂ ಮರಗಳನ್ನು ನೆನೆಯೋಣ.