ಅಳತೆಯ ಹೆಸರಿನಲ್ಲಿ ವಿಷಾನಿಲ

2024ರ ಟೂರ್ ಡಿ ಫ್ರಾನ್ಸ್ ಸೈಕಲ್ ಸ್ಪರ್ಧೆಯ ಹೊತ್ತಿಗೆ ಕೆಲವು ಪ್ರಮುಖ ತಂಡಗಳು ಸವಾರರಿಗೆ ಕಾರ್ಬನ್ ಮೊನಾಕ್ಸೈಡ್ ಉಸಿರಾಡಿಸುತ್ತಿರುವ ಸಂಗತಿ ಹೊರಬಿದ್ದಾಗ, ಅದು ರಕ್ತದಲ್ಲಿ ಆಮ್ಲಜನಕವನ್ನು ಹೊರುವ ಹಿಮೋಗ್ಲೋಬಿನ್ನಿನ ಒಟ್ಟು ಪ್ರಮಾಣವನ್ನು ಅಳೆಯುವುದಕ್ಕಷ್ಟೇ ಎಂಬ ಸಮಜಾಯಿಷಿ ಬಂತು. ಅಂಥ ವಿಧಾನವೊಂದು ಇರುವುದೇನೋ ನಿಜ: ನಿಗದಿತ ಪ್ರಮಾಣದ ಅನಿಲವನ್ನು ಆಮ್ಲಜನಕದೊಂದಿಗೆ ಬೆರೆಸಿ, ಮುಚ್ಚಿದ ಕೊಳವೆಯ ಮೂಲಕ ಸುಮಾರು ಎರಡು ನಿಮಿಷ ಉಸಿರಾಡಿಸಿ, ಮೊದಲೂ ಆಮೇಲೂ ತೆಗೆದ ರಕ್ತದ ಹನಿಗಳಲ್ಲಿ ಹಿಮೋಗ್ಲೋಬಿನ್ನಿಗೆ ಎಷ್ಟು ಅನಿಲ ಅಂಟಿಕೊಂಡಿದೆ ಎಂಬುದರಿಂದ ಲೆಕ್ಕ ಹಾಕಲಾಗುತ್ತದೆ. ಆದರೆ ಅದೇ ಕೊಳವೆ, ಅದೇ ಸಿಲಿಂಡರು ದಿನವೂ ಬಳಕೆಯಾದರೆ ಅದು ಉದ್ದೀಪನವಾಗುತ್ತದೆ. ಆಮ್ಲಜನಕದ ಕೊರತೆಯನ್ನು ಗ್ರಹಿಸುವ ಮೂತ್ರಪಿಂಡಗಳು ಎರಿತ್ರೊಪೊಯೆಟಿನ್ ಎಂಬ ಹಾರ್ಮೋನನ್ನು ಹೆಚ್ಚು ಸ್ರವಿಸುತ್ತವೆ, ಅದರಿಂದ ಮೂಳೆಮಜ್ಜೆಯಲ್ಲಿ ಕೆಂಪು ರಕ್ತಕಣಗಳು ಹೆಚ್ಚುತ್ತವೆ. ಮೂರು ವಾರ ಅಲ್ಪ ಪ್ರಮಾಣದಲ್ಲಿ ಉಸಿರಾಡಿದವರ ಹಿಮೋಗ್ಲೋಬಿನ್ ಶೇ. 5ರ ಆಸುಪಾಸಿನಲ್ಲಿ ಏರಿದ್ದು ಪ್ರಯೋಗದಲ್ಲಿ ಕಂಡುಬಂದಿದೆ. ಲಾಭವಿಲ್ಲವೆಂದು ಹೇಳಿ ಈ ಚರ್ಚೆಯನ್ನು ಮುಗಿಸಲಾಗದು.

ಎತ್ತರದ ಪರ್ವತಗಳಲ್ಲಿ ತರಬೇತಿ ಪಡೆದರೂ ಇದೇ ಫಲ ಸಿಗುವುದರಿಂದ ಇದನ್ನು ಮಾತ್ರ ತಪ್ಪೆನ್ನುವುದೇಕೆ ಎಂಬ ವಾದ ಒಪ್ಪತಕ್ಕದ್ದಲ್ಲ. ಪರ್ವತದಲ್ಲಿ ಉಸಿರು ಕಟ್ಟಿದವನು ಕೆಳಗಿಳಿದರೆ ಆಮ್ಲಜನಕ ಸಿಗುತ್ತದೆ. ಕಾರ್ಬನ್ ಮೊನಾಕ್ಸೈಡ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಕ್ಕಿ ಬಿಗಿಯಾಗಿ ಹಿಮೋಗ್ಲೋಬಿನ್ನಿಗೆ ಅಂಟುವುದರಿಂದ, ಸಾಮಾನ್ಯ ಗಾಳಿಯಲ್ಲಿ ಅದರ ಅರ್ಧದಷ್ಟು ಇಳಿಯುವುದಕ್ಕೇ ನಾಲ್ಕೈದು ಗಂಟೆ ಬೇಕು. ಬಣ್ಣವಾಗಲಿ ವಾಸನೆಯಾಗಲಿ ಇಲ್ಲದ ಈ ಅನಿಲವೇ, ಗಾಳಿಯಾಡದ ಬಚ್ಚಲುಮನೆಯಲ್ಲಿ ಗ್ಯಾಸ್ ಗೀಸರ್ ಹಚ್ಚಿಕೊಂಡು ಸ್ನಾನಕ್ಕಿಳಿದವರ ಪ್ರಾಣ ತೆಗೆಯುತ್ತಿರುವುದು. ತಂಡದ ವೈದ್ಯರ ಕೈಯಲ್ಲೇ ಅಳತೆ ತಪ್ಪಬಹುದಾದ ಇಂಥ ವಸ್ತುವನ್ನು ನಾಳೆ ಹವ್ಯಾಸಿ ಸವಾರರು ಮನೆಯ ಕೋಣೆಯಲ್ಲಿ ಬಳಸತೊಡಗಿದರೆ ಅವರನ್ನು ಕಾಯುವವರು ಯಾರೂ ಇರುವುದಿಲ್ಲ.

ಸೋಚಿ ಚಳಿಗಾಲದ ಒಲಿಂಪಿಕ್ಸ್ ಹೊತ್ತಿಗೆ ಸುದ್ದಿಯಾದ ಕ್ಸೆನಾನ್ ಅನಿಲವನ್ನು ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ ಅದೇ 2014ರಲ್ಲಿ ನಿಷೇಧಿಸಿತ್ತು; ಅದಕ್ಕಿಂತ ಎಷ್ಟೋ ಅಪಾಯಕಾರಿಯಾದ ಕಾರ್ಬನ್ ಮೊನಾಕ್ಸೈಡಿನ ನಿಷೇಧ ಜಾರಿಗೆ ಬರಲು 2026ರ ಜನವರಿಯವರೆಗೆ ಕಾಯಬೇಕಾಯಿತು, ಅದೂ ರೋಗನಿರ್ಣಯ ಮತ್ತು ಅಳತೆಗೆ ವಿನಾಯಿತಿ ಇಟ್ಟುಕೊಂಡು. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ 2025ರ ಫೆಬ್ರವರಿಯಲ್ಲೇ ವೈದ್ಯಕೀಯ ಕೇಂದ್ರದ ಹೊರಗೆ ಈ ಉಪಕರಣ ಇಟ್ಟುಕೊಳ್ಳುವುದನ್ನು ತಡೆದು, ಕೇಂದ್ರದೊಳಗೆ ಒಂದು ಸಲ ಉಸಿರಾಡಿದ ಮೇಲೆ ಎರಡು ವಾರ ಕಳೆಯದೆ ಮತ್ತೆ ಉಸಿರಾಡಕೂಡದೆಂದು ಕಟ್ಟುಪಾಡು ವಿಧಿಸಿದ್ದು ಸರಿಯಾದ ಹೆಜ್ಜೆಯೇ. ಆದರೂ ಅನಿಲದ ಕುರುಹು ಒಂದೆರಡು ದಿನಗಳಲ್ಲಿ ರಕ್ತದಿಂದ ಮರೆಯಾಗಿ, ಹೆಚ್ಚಿದ ಹಿಮೋಗ್ಲೋಬಿನ್ ಮಾತ್ರ ವಾರಗಟ್ಟಲೆ ಉಳಿಯುವಾಗ, ಸವಾರನ ರಕ್ತವನ್ನಷ್ಟೇ ಪರೀಕ್ಷಿಸಿ ನಿಯಮವನ್ನು ಕಾಪಾಡಲಾಗದು. ಅಳತೆ ಬೇಕೆನ್ನುವ ತಂಡ ತನ್ನ ಹಂಗಿನಲ್ಲಿಲ್ಲದ ಪ್ರಯೋಗಾಲಯಕ್ಕೆ ಸವಾರರನ್ನು ಕಳುಹಿಸಬೇಕು. ಸಿಲಿಂಡರು ಅಲ್ಲಿಯೇ ಇರಬೇಕು, ಖರ್ಚಾದ ಒಂದೊಂದು ಮಿಲಿಲೀಟರಿನ ಲೆಕ್ಕವೂ ಒಕ್ಕೂಟದ ಕೈಸೇರಬೇಕು.